ಸ್ಟ್ರೋಕ್ ಆದ ಮೇಲೆ ಮೂಳೆ ಮುರಿತ: ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು

ನಾನು ಫಿಜಿಯೋಥೆರಪಿಸ್ಟ್. ಸ್ಟ್ರೋಕ್ ಆದವರಿಗೆ ಮತ್ತೆ ನಿಲ್ಲುವುದು, ನಡೆಯುವುದು ಕಲಿಸುವುದೇ ನನ್ನ ದಿನದ ಕೆಲಸ. ಕೈಕಾಲು ಯಾವಾಗ ಸರಿಹೋಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಮೂಳೆಯ ಬಗ್ಗೆ ಕೇಳುವವರು ಕಡಿಮೆ. ಕೇಳುವ ಹೊತ್ತಿಗೆ ಬಹಳ ಸಲ ಒಂದು ಮುರಿತ ಆಗಿಹೋಗಿರುತ್ತದೆ. ಅದಕ್ಕೇ ಇದನ್ನು ಬರೆದೆ.

ಸ್ಟ್ರೋಕ್‌ನಿಂದ ಬಲ ಕಳೆದುಕೊಂಡ ಬದಿಯನ್ನು ಇಲ್ಲಿ 'ಸೋತ ಬದಿ' ಅಂತ ಕರೆದಿದ್ದೇನೆ. ಮಾತ್ರೆಗಳ ಬಗ್ಗೆ ಬರೆದಿರುವುದು ನಿಮ್ಮ ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳಲಿ ಅಂತ. ಇದನ್ನು ಓದಿ ನೀವೇ ಮಾತ್ರೆ ಬದಲಾಯಿಸಬೇಡಿ.

## ಮೊದಲು ತಿಳಿಯಬೇಕಾದದ್ದು

ಸ್ಟ್ರೋಕ್ ಆಗಿದ್ದು ಮೆದುಳಿಗೆ. ಮೂಳೆ ಯಾಕೆ ಮುರಿಯುತ್ತೆ?

ಎರಡು ಕಾರಣ ಒಟ್ಟಿಗೆ ಸೇರುತ್ತವೆ. ಒಂದು, ಬೀಳುವುದು ಜಾಸ್ತಿಯಾಗುತ್ತದೆ. ಇನ್ನೊಂದು, ಬಿದ್ದಾಗ ಏಟು ತಡೆಯುವಷ್ಟು ಗಟ್ಟಿ ಮೂಳೆ ಉಳಿದಿರುವುದಿಲ್ಲ.

ಮೊದಲನೆಯದು ಎಲ್ಲರಿಗೂ ಕಾಣುತ್ತದೆ. ಎರಡನೆಯದು ಕಾಣುವುದಿಲ್ಲ. ಮೂಳೆ ಅಂದರೆ ಒಮ್ಮೆ ಕಟ್ಟಿ ಮುಗಿಸಿದ ಕಂಬ ಅಲ್ಲ. ಅದರೊಳಗೆ ದಿನವೂ ಒಂದಿಷ್ಟು ಕರಗುತ್ತದೆ, ಒಂದಿಷ್ಟು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಎಲ್ಲಿ ಎಷ್ಟು ಕಟ್ಟಬೇಕು ಅನ್ನುವುದು ಅದರ ಮೇಲೆ ಬೀಳುವ ಭಾರ ನೋಡಿ ತೀರ್ಮಾನವಾಗುತ್ತದೆ. ಜರ್ಮನಿಯ ಸರ್ಜನ್ ಯೂಲಿಯಸ್ ವೋಲ್ಫ್ 1892ರಲ್ಲೇ ಇದನ್ನು ಬರೆದಿಟ್ಟಿದ್ದರು. ಕಾಲಿನ ಮೇಲೆ ಭಾರ ಬೀಳದಿದ್ದರೆ, ಸ್ನಾಯು ಮೂಳೆಯನ್ನು ಎಳೆಯದಿದ್ದರೆ, ಕರಗುವ ಕೆಲಸ ಮುಂದುವರಿಯುತ್ತದೆ, ಕಟ್ಟುವ ಕೆಲಸ ನಿಧಾನವಾಗುತ್ತದೆ.

ಸ್ಟ್ರೋಕ್ ಆದವರಲ್ಲಿ ಇದು ಒಂದೇ ಬದಿಯಲ್ಲಿ ಎದ್ದು ಕಾಣುತ್ತದೆ. ನಡೆಯಲಾಗದ, ತೀವ್ರ ಸ್ಟ್ರೋಕ್ ಆದವರನ್ನು ಸ್ವೀಡನ್‌ನಲ್ಲಿ ಒಂದು ವರ್ಷ ಅಳೆದು ನೋಡಿದರು. 1999ರಲ್ಲಿ ಅದು ಪ್ರಕಟವಾಯಿತು. ಸೋತ ತೋಳಿನ ಮೂಳೆ ಸುಮಾರು ಶೇಕಡಾ 17ರಷ್ಟು, ಸೋತ ಬದಿಯ ಸೊಂಟದ ಹತ್ತಿರದ ಮೂಳೆ ಸುಮಾರು ಶೇಕಡಾ 12ರಷ್ಟು ಸಾಂದ್ರತೆ ಕಳೆದುಕೊಂಡಿತ್ತು. ಒಂದೇ ವರ್ಷದಲ್ಲಿ ಇಷ್ಟು ಅಂದರೆ ತುಂಬಾನೇ ಜಾಸ್ತಿ. ಅದರಲ್ಲೂ ಮೊದಲ ಕೆಲವು ತಿಂಗಳಲ್ಲೇ ನಷ್ಟ ವೇಗವಾಗಿ ಆಗುತ್ತದೆ.

ನಿಜವಾಗ್ಲೂ ಎಷ್ಟು ಜಾಸ್ತಿ ಅಪಾಯ? ಸುಮ್ನೆ ಹೆದರಿಸ್ತಿದ್ದೀರಾ?

ಹೆದರಿಸುತ್ತಿಲ್ಲ. ಕೆನಡಾದ ಒಂಟಾರಿಯೊದಲ್ಲಿ ಸ್ಟ್ರೋಕ್ ಆದವರನ್ನೂ ಅದೇ ವಯಸ್ಸಿನ ಬೇರೆಯವರನ್ನೂ ಎರಡು ವರ್ಷ ಹೋಲಿಸಿ ನೋಡಿದ್ದಾರೆ. ಅಧ್ಯಯನ ಬಂದದ್ದು 2017ರಲ್ಲಿ. ಸಣ್ಣ ಏಟಿಗೇ ಮೂಳೆ ಮುರಿಯುವ ಅಪಾಯ ಸ್ಟ್ರೋಕ್ ಆದವರಲ್ಲಿ ಹೆಚ್ಚುಕಡಿಮೆ ಒಂದೂವರೆ ಪಟ್ಟು ಇತ್ತು. ನೆದರ್ಲೆಂಡ್ಸ್‌ನ 2009ರ ಅಧ್ಯಯನ ಸೊಂಟದ ಮುರಿತವನ್ನಷ್ಟೇ ನೋಡಿತು. ಅಲ್ಲಿ ಅಪಾಯ ಸುಮಾರು ಎರಡು ಪಟ್ಟು, ಸ್ಟ್ರೋಕ್ ಆದ ಮೊದಲ ಮೂರು ತಿಂಗಳಲ್ಲಿ ಮೂರು ಪಟ್ಟಿಗೂ ಜಾಸ್ತಿ.

ಹಾಗಂತ ಎಲ್ಲರ ಮೂಳೆಯೂ ಮುರಿಯುವುದಿಲ್ಲ. ಒಂಟಾರಿಯೊದಲ್ಲೇ ಎರಡು ವರ್ಷದಲ್ಲಿ ನೂರಕ್ಕೆ ಆರು ಜನರಿಗಿಂತ ಕಡಿಮೆ ಜನರಿಗೆ ಮುರಿತ ಆಗಿತ್ತು. ಆದರೆ ಆಗಷ್ಟೇ ನಡೆಯಲು ಕಲಿತವರಿಗೆ ಒಂದು ಸೊಂಟದ ಮುರಿತ ಅಂದರೆ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕು. ಸಂಖ್ಯೆ ಚಿಕ್ಕದಿರಬಹುದು, ಪೆಟ್ಟು ಚಿಕ್ಕದಲ್ಲ.

ಯಾವ ಮೂಳೆ ಮುರಿಯೋದು ಜಾಸ್ತಿ?

ಸೊಂಟ, ಅಂದರೆ ತೊಡೆಮೂಳೆ ಸೊಂಟಕ್ಕೆ ಸೇರುವ ಜಾಗ. ಅದರಲ್ಲೂ ಹೆಚ್ಚಾಗಿ ಸೋತ ಬದಿಯದ್ದು. ಆಮೇಲೆ ಭುಜದ ಹತ್ತಿರದ ತೋಳುಮೂಳೆ, ಸೊಂಟದ ಕಟ್ಟು, ಬೆನ್ನುಮೂಳೆ, ಮಣಿಕಟ್ಟು.

ಸೊಂಟವೇ ಯಾಕೆ? ನಾವು ನೀವು ಎಡವಿದರೆ ಕೈ ತಾನಾಗಿಯೇ ಮುಂದೆ ಬರುತ್ತದೆ. ಮಣಿಕಟ್ಟು ಮುರಿದರೂ ಸೊಂಟ ಉಳಿಯುತ್ತದೆ. ಸ್ಟ್ರೋಕ್ ಆದವರು ವಾಲುವುದು ಸೋತ ಬದಿಗೆ. ಆ ಬದಿಯ ಕೈ ಎದ್ದು ಬರುವುದಿಲ್ಲ. ಇಡೀ ಮೈಭಾರ ಸೊಂಟದ ಪಕ್ಕದ ಆ ಉಬ್ಬಿನ ಮೇಲೆ ಬೀಳುತ್ತದೆ. ತೆಳುವಾದ ಮೂಳೆಯೂ ಅಲ್ಲೇ ಇರುತ್ತದೆ.

ನನಗಿನ್ನೂ ನಲವತ್ತೆಂಟು. ಇದು ವಯಸ್ಸಾದವರ ಸಮಸ್ಯೆ ಅಲ್ವಾ?

ಅಲ್ಲ. ಎಪ್ಪತ್ತೈದು ದಾಟಿದವರ ಮೂಳೆ ಸ್ಟ್ರೋಕ್ ಇಲ್ಲದಿದ್ದರೂ ಮುರಿಯಬಹುದು. ನಿಮ್ಮ ವಯಸ್ಸಿನವರಿಗೆ ಸಾಮಾನ್ಯವಾಗಿ ಮುರಿಯುವುದೇ ಇಲ್ಲ. ಹಾಗಾಗಿ ನಿಮ್ಮ ಓರಗೆಯವರ ಜೊತೆ ಹೋಲಿಸಿದರೆ ನಿಮ್ಮ ಅಪಾಯ ಎಷ್ಟೋ ಪಟ್ಟು ಹೆಚ್ಚು. ಒಟ್ಟು ಸಂಖ್ಯೆಯಲ್ಲಿ ವಯಸ್ಸಾದವರೇ ಮುಂದೆ, ಪಟ್ಟುಗಳ ಲೆಕ್ಕದಲ್ಲಿ ಕಿರಿಯರು ಮುಂದೆ. ಮುಂದೆ ಬಾಳಬೇಕಾದ ವರ್ಷಗಳೂ ನಿಮಗೆ ಜಾಸ್ತಿ ಇವೆ. ಮೂಳೆಯ ವಿಚಾರ ಈಗಲೇ ತೆಗೆಯಿರಿ.

ನನಗೆ ಆಗಿದ್ದು ಮಿನಿ ಸ್ಟ್ರೋಕ್. ಒಂದೇ ದಿನದಲ್ಲಿ ಸರಿಹೋಯ್ತು. ನನಗೂ ಇದೆಲ್ಲ ಬೇಕಾ?

ಕೈಕಾಲಿನ ಬಲ ಪೂರ್ತಿ ವಾಪಸ್ ಬಂದಿದ್ದರೆ ಒಂದು ಬದಿಯ ಮೂಳೆ ತೆಳುವಾಗುವ ಭಯ ಇಲ್ಲ. ವಯಸ್ಸು, ಹಿಂದಿನ ಮುರಿತ, ತಲೆಸುತ್ತು, ಮಾತ್ರೆಗಳು ಇವುಗಳ ಕಡೆ ಗಮನ ಕೊಟ್ಟರೆ ಸಾಕು.

## ಬೀಳುವುದರ ಬಗ್ಗೆ

ಅಮ್ಮ ಹಗಲೆಲ್ಲ ಚೆನ್ನಾಗಿ ನಡೀತಾರೆ. ರಾತ್ರಿ ಮಾತ್ರ ಬೀಳ್ತಾರೆ. ಯಾಕೆ?

ಒಂದು ರಾತ್ರಿಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಎರಡು ಗಂಟೆಗೆ ಮೂತ್ರಕ್ಕೆ ಅವಸರ. ಸ್ಟ್ರೋಕ್ ಆದವರಿಗೆ ತಡೆದುಕೊಳ್ಳುವ ಶಕ್ತಿ ಕಡಿಮೆ. ಯಾರನ್ನೂ ಎಬ್ಬಿಸುವುದು ಬೇಡ ಅಂತ ಒಬ್ಬರೇ ಏಳುತ್ತಾರೆ. ಮಲಗಿದ್ದವರು ಫಕ್ಕನೆ ಎದ್ದಾಗ ಬಿಪಿ ಇಳಿಯುತ್ತದೆ, ಕಣ್ಣು ಕತ್ತಲಿಡುತ್ತದೆ. ಹಾಕಿಕೊಳ್ಳಬೇಕಾದ ಕಾಲಿನ ಸ್ಪ್ಲಿಂಟ್ ಮೂಲೆಯಲ್ಲಿ ಉಳಿಯುತ್ತದೆ. ಪಾದದ ತುದಿ ಎತ್ತಲಾಗದೆ ಕಾಲು ಎಳೆಯುತ್ತದೆ. ಹಗಲಲ್ಲಿ ಅವರು ಪಾದವನ್ನು ಕಣ್ಣಿನಿಂದ ನೋಡಿ ಇಡುತ್ತಿದ್ದರು. ಪಾದ ಎಲ್ಲಿದೆ ಅಂತ ಸ್ಪರ್ಶ ಹೇಳುತ್ತಿಲ್ಲ, ಕತ್ತಲಲ್ಲಿ ಕಣ್ಣೂ ಹೇಳುವುದಿಲ್ಲ. ನಿದ್ದೆ ಮಾತ್ರೆ ತೆಗೆದುಕೊಂಡಿದ್ದರೆ ಅದರ ಮಂಪರು ಬೇರೆ.

ಹೀಗೆ ಐದಾರು ಸಣ್ಣ ಕಾರಣ ಒಂದೇ ನಿಮಿಷದಲ್ಲಿ ಸೇರುತ್ತವೆ. ಒಂದೊಂದನ್ನೇ ತೆಗೆಯುತ್ತಾ ಬನ್ನಿ. ಹಾಸಿಗೆಯ ಪಕ್ಕ ಕೈಗೆ ಸಿಗುವ ದೀಪ. ಸಂಜೆಯ ಮೇಲೆ ನೀರು ಸ್ವಲ್ಪ ಕಡಿಮೆ, ಹಗಲಲ್ಲಿ ಸಾಕಷ್ಟು. ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಅಥವಾ ಮೂತ್ರದ ಪಾತ್ರೆ. ಎದ್ದು ಕೂತು ಒಂದೆರಡು ನಿಮಿಷ ಕಾಲು ಆಡಿಸಿ, ಆಮೇಲೆ ನಿಲ್ಲುವುದು. ಮುಖ್ಯವಾಗಿ ಒಂದು ಕರೆಗಂಟೆ. ಜೊತೆಗೆ ಅಮ್ಮನಿಗೆ ಒಂದು ಮಾತು: 'ನೀವು ಎಬ್ಬಿಸಿದರೆ ನಮಗೆ ತೊಂದರೆ ಇಲ್ಲ. ನೀವು ಬಿದ್ದರೆ ತೊಂದರೆ.' ಇದನ್ನು ಬಾಯಿಬಿಟ್ಟು ಹೇಳಬೇಕು. ಹೊರೆಯಾಗಬಾರದು ಅಂತ ಒಬ್ಬರೇ ಎದ್ದು ಬಿದ್ದವರನ್ನು ನಾನು ಬಹಳ ನೋಡಿದ್ದೇನೆ.

ಮಾತಾಡಿಸಿದ್ರೆ ನಿಂತುಬಿಡ್ತಾರೆ. ಇದೇನಾದ್ರೂ ಸೂಚನೆನಾ?

ಹೌದು, ಒಳ್ಳೆ ಗಮನ. ಅವರಿಗೆ ನಡೆಯುವುದು ಈಗ ತಾನಾಗಿಯೇ ಆಗುವ ಕೆಲಸ ಅಲ್ಲ, ಪ್ರತಿ ಹೆಜ್ಜೆಗೂ ಯೋಚನೆ ಬೇಕು ಅಂತ ಅರ್ಥ. ಮಾತಾಡಿಸಿದರೆ ನಡಿಗೆ ನಿಲ್ಲಿಸುವ ವಯಸ್ಸಾದವರು ಮುಂದೆ ಬೀಳುವ ಸಾಧ್ಯತೆ ಹೆಚ್ಚು ಅಂತ 1997ರಲ್ಲೇ ಸ್ವೀಡನ್‌ನ ಸಂಶೋಧಕರು ತೋರಿಸಿದ್ದಾರೆ. ನಿಮ್ಮವರು ನಡೆಯುವಾಗ ಹಿಂದಿನಿಂದ ಕೂಗಬೇಡಿ, ಕೈಗೆ ಫೋನ್ ಕೊಡಬೇಡಿ. ತಿರುಗುವಾಗ, ಬಾಗಿಲು ದಾಟುವಾಗ ಸುಮ್ಮನಿರಿ. ನಡೆಯುತ್ತಾ ಬೇರೆ ಕೆಲಸ ಮಾಡುವ ಅಭ್ಯಾಸವನ್ನು ಥೆರಪಿಸ್ಟ್ ಜೊತೆ ಆಮೇಲೆ ಮಾಡಿಸಬಹುದು.

ಬೀಳ್ತಾರೆ ಅನ್ನೋ ಭಯಕ್ಕೆ ನಡೆಸೋದೇ ಬಿಟ್ಟಿದ್ದೀವಿ. ತಪ್ಪಾ?

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೂ ಹೌದು, ತಪ್ಪು. ಈ ಇಡೀ ಬರಹದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಕೂರಿಸಿಟ್ಟರೆ ಬೀಳುವುದು ಕಡಿಮೆಯಾಗಬಹುದು. ಆದರೆ ಮೂಳೆ ತೆಳುವಾಗುತ್ತಾ ಹೋಗುತ್ತದೆ, ತೊಡೆಯ ಸ್ನಾಯು ಕರಗುತ್ತದೆ, ಸಮತೋಲನ ಮರೆತುಹೋಗುತ್ತದೆ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಟಾಯ್ಲೆಟ್‌ಗೆ ಹೋಗುವುದು ಮಾತ್ರ ತಪ್ಪುವುದಿಲ್ಲ. ಬೀಳುವುದು ಆಗಲೇ. ಆಗ ಒಳಗಿನ ಮೂಳೆ ಮೊದಲಿಗಿಂತ ಟೊಳ್ಳಾಗಿರುತ್ತದೆ.

ನಾರ್ವೆಯಲ್ಲಿ 40 ಜನರ ಮೇಲೆ ನಡೆದ ಒಂದು ಅಧ್ಯಯನ 2000ರಲ್ಲಿ ಬಂತು. ಸಣ್ಣದು, ಆದರೆ ನನ್ನ ಮನಸ್ಸಿನಲ್ಲಿ ಉಳಿದಿದೆ. ವರ್ಷವಿಡೀ ಗಾಲಿಕುರ್ಚಿಯಲ್ಲೇ ಉಳಿದವರಿಗೆ ಸೋತ ಬದಿಯ ಸೊಂಟದ ಹತ್ತಿರ ಸುಮಾರು ಶೇಕಡಾ 10ರಷ್ಟು ಮೂಳೆ ಸಾಂದ್ರತೆ ಹೋಯಿತು. ಮೊದಲ ಎರಡು ತಿಂಗಳಲ್ಲಿ ಮತ್ತೆ ನಡೆಯಲು ಕಲಿತವರಿಗೆ ಶೇಕಡಾ 8. ಶುರುವಿನಿಂದಲೇ ನಡೆಯುತ್ತಿದ್ದವರಿಗೆ ಶೇಕಡಾ 3. ಗಾಲಿಕುರ್ಚಿಯವರಿಗೆ ಚೆನ್ನಾಗಿದ್ದ ಬದಿಯ ಮೂಳೆಯೂ ಕರಗಿತ್ತು.

ಒಬ್ಬರೇ ಬಿಟ್ಟು ನಡೆಸಿ ಅನ್ನುತ್ತಿಲ್ಲ. ನಡೆಯಲು ಆಗದಿದ್ದರೆ ನಿಲ್ಲಿಸಿ. ಗಟ್ಟಿ ಮೇಜು ಅಥವಾ ಗೋಡೆಗೆ ಕೂರಿಸಿದ ಹಿಡಿಕೆ ಮುಂದೆ ಇರಲಿ, ಹಿಂದೆ ಅಲುಗಾಡದ ಕುರ್ಚಿ ಇರಲಿ, ಸೋತ ಬದಿಗೆ ನೀವಿರಿ. ಐದು ನಿಮಿಷ ನಿಂತರೂ ಸರಿ, ಆದರೆ ದಿನಕ್ಕೆ ಹಲವು ಸಲ. ನಿಂತಾಗ ಪಾದಗಳನ್ನು ನೋಡಿ. ಸಾಮಾನ್ಯವಾಗಿ ಎಲ್ಲರೂ ಚೆನ್ನಾಗಿರುವ ಕಾಲಿನ ಮೇಲೆ ಭಾರ ಹಾಕಿ ಸೋತ ಕಾಲನ್ನು ಸುಮ್ನೆ ತಾಗಿಸಿಟ್ಟಿರುತ್ತಾರೆ. ಆ ಕಾಲಿಗೆ ಭಾರವೇ ಮುಟ್ಟುವುದಿಲ್ಲ. ಸೊಂಟದ ಎರಡೂ ಬದಿಗೆ ಕೈಯಿಟ್ಟು ನಿಧಾನವಾಗಿ ಭಾರವನ್ನು ಸೋತ ಕಾಲಿಗೆ ತನ್ನಿ. ಹಿಮ್ಮಡಿ ನೆಲಕ್ಕೆ ಒತ್ತಿರಬೇಕು, ಮಂಡಿ ಹಿಂದಕ್ಕೆ ಬಾಗಬಾರದು. ಮೊದಲ ಸಲ ನಿಮ್ಮ ಥೆರಪಿಸ್ಟ್ ಎದುರಿಗೇ ಮಾಡಿ, ಕೈ ಎಲ್ಲಿಡಬೇಕು ಅಂತ ಕಲಿತುಕೊಳ್ಳಿ.

ಮನೆಯಲ್ಲಿ ಮೊದಲು ಏನು ಬದಲಾಯಿಸಬೇಕು?

ಬಚ್ಚಲು ಮತ್ತು ಟಾಯ್ಲೆಟ್. ಚೆನ್ನಾಗಿರುವ ಕೈಗೆ ಸಿಗುವ ಕಡೆ ಗೋಡೆಗೆ ಭದ್ರವಾದ ಹಿಡಿಕೆ, ಕೂತು ಸ್ನಾನ ಮಾಡಲು ಕುರ್ಚಿ, ಜಾರದ ನೆಲ. ಟವೆಲ್ ಹಾಕುವ ಕಂಬಿ ಹಿಡಿಕೆ ಅಲ್ಲ, ಮೈಭಾರಕ್ಕೆ ಕಿತ್ತುಬರುತ್ತದೆ. ಆಮೇಲೆ ಮಂಚದಿಂದ ಟಾಯ್ಲೆಟ್‌ವರೆಗಿನ ದಾರಿ: ಚಾಪೆ, ವಯರ್, ಸ್ಟೂಲ್ ಯಾವುದೂ ಬೇಡ. ಹಿಮ್ಮಡಿಗೆ ಪಟ್ಟಿ ಇಲ್ಲದ ಚಪ್ಪಲಿ ಬೇಡವೇ ಬೇಡ.

ಒಂದು ಬದಿಯ ನೋಟ ಹೋಗಿರುವವರಿಗೆ, ಅಥವಾ ಒಂದು ಬದಿ ಇದೆ ಅನ್ನುವುದನ್ನೇ ಮೆದುಳು ಮರೆತಿರುವವರಿಗೆ, ಬಾಗಿಲಿನ ಆ ಬದಿಯ ಚೌಕಟ್ಟಿಗೆ ಗಾಢ ಬಣ್ಣದ ಪಟ್ಟಿ ಅಂಟಿಸಿ. ದಾಟುವ ಮೊದಲು ತಲೆ ತಿರುಗಿಸಿ ಆ ಪಟ್ಟಿ ಹುಡುಕುವುದನ್ನು ರೂಢಿ ಮಾಡಿಸಿ.

ಎಬ್ಬಿಸುವಾಗ ಕೈ ಹಿಡಿದು ಎಳೆಯಬಹುದಾ?

ಬೇಡ. ಸೋತ ತೋಳನ್ನು ಯಾವ ಕಾರಣಕ್ಕೂ ಎಳೆಯಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳೇ ಸಡಿಲವಾಗಿರುತ್ತವೆ. ಕೀಲು ಜಾರಬಹುದು. ತೆಳುವಾದ ತೋಳುಮೂಳೆ ಮುರಿಯಲೂಬಹುದು. ಕುರ್ಚಿಯ ಅಂಚಿಗೆ ಬರಲಿ, ಪಾದ ಹಿಂದಕ್ಕೆ ಸರಿಸಲಿ, ಮೂಗು ಮಂಡಿಯ ಮುಂದಕ್ಕೆ ಬರುವಷ್ಟು ಬಾಗಲಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ನೀವು ಸೊಂಟದ ಬೆಲ್ಟ್ ಹಿಡಿಯಿರಿ. ಹಾಸಿಗೆಯಲ್ಲೇ ಇರುವವರ ಮಗ್ಗುಲು ಬದಲಿಸುವಾಗಲೂ ಅಷ್ಟೇ. ಭುಜ ಮತ್ತು ಸೊಂಟ ಎರಡನ್ನೂ ಹಿಡಿದು ಒಟ್ಟಿಗೆ ಹೊರಳಿಸಿ. ಕಾಲನ್ನು ಮಾತ್ರ ಹಿಡಿದು ತಿರುಚಬೇಡಿ.

ಸೊಂಟಕ್ಕೆ ಹಾಕೋ ಪ್ಯಾಡ್ ಚಡ್ಡಿ ಕೆಲಸ ಮಾಡುತ್ತಾ?

ಆರೈಕೆ ಕೇಂದ್ರಗಳಲ್ಲಿರುವ ವಯಸ್ಸಾದವರಲ್ಲಿ ಸೊಂಟದ ಮುರಿತ ಸ್ವಲ್ಪ ಕಡಿಮೆಯಾಗಿದೆ. ಮನೆಯಲ್ಲಿರುವವರಲ್ಲಿ ಅಂಥ ಲಾಭ ಕಂಡಿಲ್ಲ. ಹೆಚ್ಚಿನವರು ಹಾಕಿಕೊಳ್ಳುವುದನ್ನೇ ಬಿಡುತ್ತಾರೆ. ಒಂದೇ ಕೈಯಲ್ಲಿ ಅದನ್ನು ಏರಿಸಿ ಇಳಿಸುವುದು ಕಷ್ಟ, ಮೂತ್ರಕ್ಕೆ ಅವಸರವಾದಾಗ ಇನ್ನೂ ಕಷ್ಟ.

## ಬಿದ್ದ ಮೇಲೆ

ಬಿದ್ದರು, ಎತ್ತಿ ಕೂರಿಸಿದ್ವಿ. ನೋವಿಲ್ಲ ಅಂತಾರೆ. ಎಕ್ಸ್‌ರೇ ಬೇಕಾ?

ಇದಕ್ಕೆ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತು. ಮಾತು ಹೋಗಿದ್ದ ಒಬ್ಬರು ವಯಸ್ಸಾದವರು ಬರುತ್ತಿದ್ದರು. ಏನು ಕೇಳಿದರೂ ತಲೆಯಾಡಿಸುತ್ತಿದ್ದರು. ಅವತ್ತು ನಿಲ್ಲಿಸಿದಾಗ ಸೋತ ಕಾಲಿಗೆ ಭಾರ ಹಾಕಲು ಒಪ್ಪಲೇ ಇಲ್ಲ. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ತಳ್ಳಿದರು. ಸೋಮಾರಿತನ ಇರಬಹುದು ಅಂದುಕೊಂಡು ಇನ್ನೊಮ್ಮೆ ನಿಲ್ಲಿಸಿದೆ. ಎರಡು ದಿನ ಬಿಟ್ಟು ಎಕ್ಸ್‌ರೇ ತೆಗೆದಾಗ ಸೊಂಟ ಮುರಿದಿತ್ತು. ಮನೆಯಲ್ಲಿ ಬಿದ್ದಿದ್ದರು, ಯಾರಿಗೂ ಹೇಳಲು ಆಗಿರಲಿಲ್ಲ. ನನ್ನ ಕೈ ತಳ್ಳಿದ್ದೇ ಅವರು ಹೇಳಿದ ಮಾತು. ನನಗೆ ಕೇಳಿಸಲಿಲ್ಲ.

ಸ್ಟ್ರೋಕ್ ಆದವರಿಗೆ ಮುರಿತವಾದರೂ ನೋವು ಗೊತ್ತಾಗದಿರಬಹುದು, ಯಾಕೆಂದರೆ ಆ ಬದಿಯ ಸ್ಪರ್ಶ ಹೋಗಿರಬಹುದು. ಗೊತ್ತಾದರೂ ಹೇಳಲು ಮಾತು ಇಲ್ಲದಿರಬಹುದು. ಹಾಗಾಗಿ ಬಾಯಿಮಾತು ನಂಬಬೇಡಿ, ಮೈ ನೋಡಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ವಾಲಿದೆಯಾ? ನಿನ್ನೆ ನಿಲ್ಲುತ್ತಿದ್ದವರು ಇವತ್ತು ನಿಲ್ಲುತ್ತಿಲ್ಲವಾ? ಬಟ್ಟೆ ಬದಲಿಸುವಾಗ ಮುಖ ಕಿವುಚುತ್ತಾರಾ? ಊತ, ಕಪ್ಪುನೀಲಿ ಕಲೆ ಇದೆಯಾ? ಇದ್ದಕ್ಕಿದ್ದಂತೆ ಗೊಂದಲ, ಊಟ ಬೇಡ ಅನ್ನುವುದು ಶುರುವಾಗಿದೆಯಾ? ಒಂದಿದ್ದರೂ ಎಕ್ಸ್‌ರೇ ಬೇಕು. ಮೊದಲ ಎಕ್ಸ್‌ರೇಯಲ್ಲಿ ಕಾಣದ ಸಣ್ಣ ಬಿರುಕೂ ಇರುತ್ತದೆ. ಲಕ್ಷಣ ಹೋಗದಿದ್ದರೆ ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಬಗ್ಗೆ ಕೇಳಿ.

ಇನ್ನೆರಡು ಮಾತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ತಲೆಗೆ ಪೆಟ್ಟು ಮಾಡಿಕೊಂಡರೆ ಕಾಯಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ. ಮತ್ತು ಬಿದ್ದದ್ದೇ ಇನ್ನೊಂದು ಸ್ಟ್ರೋಕ್‌ನಿಂದ ಇರಬಹುದು. ಬಾಯಿ ಸೊಟ್ಟಗಾಗಿದೆಯಾ, ಕೈ ಮೊದಲಿಗಿಂತ ಸೋತಿದೆಯಾ, ಮಾತು ತೊದಲುತ್ತಿದೆಯಾ ಅಂತ ನೋಡಿ.

ಸೊಂಟ ಮುರಿದಿದೆ. ರಕ್ತ ತೆಳುವಾಗೋ ಮಾತ್ರೆ ತಗೊಳ್ತಿದ್ದಾರೆ. ಆಪರೇಷನ್ ಮಾಡಬಹುದಾ?

ಸಾಮಾನ್ಯವಾಗಿ ಮಾಡಬಹುದು. ತಡಮಾಡದಿರುವುದೇ ಒಳ್ಳೆಯದು. ದಾಖಲಾದ ದಿನ ಅಥವಾ ಮರುದಿನವೇ ಆಪರೇಷನ್ ಆಗಲಿ ಅಂತ ಬ್ರಿಟನ್‌ನ ಮಾರ್ಗಸೂಚಿ ಹೇಳುತ್ತದೆ. ಆಸ್ಪಿರಿನ್ ಒಂದಕ್ಕಾಗಿ ಸಾಮಾನ್ಯವಾಗಿ ಕಾಯುವುದಿಲ್ಲ. ವಾರ್ಫರಿನ್ ಅಥವಾ ಹೊಸ ತರದ ಮಾತ್ರೆಗಳಿದ್ದರೆ ಯಾವಾಗ ನಿಲ್ಲಿಸಬೇಕು, ಯಾವಾಗ ಮತ್ತೆ ಶುರುಮಾಡಬೇಕು ಅಂತ ಅರಿವಳಿಕೆ ಡಾಕ್ಟರು ಲೆಕ್ಕ ಹಾಕುತ್ತಾರೆ. ಕೊನೆಯ ಮಾತ್ರೆ ಯಾವ ದಿನ, ಎಷ್ಟು ಗಂಟೆಗೆ ಕೊಟ್ಟಿರಿ ಅಂತ ಬರೆದುಕೊಂಡು ಹೋಗಿ. ಮನೆಯಲ್ಲೇ ನಿಲ್ಲಿಸಬೇಡಿ, ಇನ್ನೊಂದು ಸ್ಟ್ರೋಕ್‌ಗೆ ದಾರಿಯಾಗಬಹುದು.

ಆಪರೇಷನ್ ಆದ ಮೇಲೆ ಮತ್ತೆ ನಡೀತಾರಾ?

ಬಿದ್ದ ಹಿಂದಿನ ದಿನ ಹೇಗೆ ನಡೆಯುತ್ತಿದ್ದರು ಅನ್ನುವುದು ಬಹಳ ಹೇಳುತ್ತದೆ. ಕೋಲು ಹಿಡಿದು ಓಡಾಡುತ್ತಿದ್ದವರು ಮತ್ತೆ ನಿಲ್ಲುವುದನ್ನು ನೋಡಿದ್ದೇನೆ. ಸಮಯ ಹಿಡಿಯುತ್ತದೆ. ಮೊದಲಿನ ಮಟ್ಟಕ್ಕೆ ಎಲ್ಲರೂ ಬರುವುದಿಲ್ಲ. ಆಪರೇಷನ್ ಮರುದಿನವೇ ಎಬ್ಬಿಸಿ ಕೂರಿಸುವುದು, ಸಾಧ್ಯವಾದರೆ ನಿಲ್ಲಿಸುವುದು ಮುಖ್ಯ. 'ಸ್ಟ್ರೋಕ್ ಪೇಷಂಟ್, ಮಲಗಿರಲಿ' ಅಂತ ಬಿಟ್ಟರೆ ಇನ್ನೊಂದು ಬದಿಯೂ ಸೋಲುತ್ತದೆ. ಡಿಸ್ಚಾರ್ಜ್ ಆಗುವ ಮೊದಲು ಒಂದು ಪ್ರಶ್ನೆ ಕೇಳಿ: 'ಮುರಿದ ಮೂಳೆ ಕೂರಿಸಿದಿರಿ. ಮುಂದಿನದು ಮುರಿಯದ ಹಾಗೆ ಏನು ಔಷಧಿ?'

## ಪರೀಕ್ಷೆ ಮತ್ತು ಪೋಷಣೆ

ಮೂಳೆ ಸ್ಕ್ಯಾನ್ ಬಗ್ಗೆ ನಮಗ್ಯಾರೂ ಹೇಳಲೇ ಇಲ್ಲ. ಮಾಡಿಸಬೇಕಾ?

ನಿಮಗೊಬ್ಬರಿಗೇ ಅಲ್ಲ. ಒಂಟಾರಿಯೊದಲ್ಲಿ ಸ್ಟ್ರೋಕ್ ಆದ 65 ದಾಟಿದವರ ದಾಖಲೆ ನೋಡಿದಾಗ, ಒಂದು ವರ್ಷದೊಳಗೆ ಮೂಳೆ ಸಾಂದ್ರತೆ ಪರೀಕ್ಷೆ ಆದವರು ನೂರಕ್ಕೆ ಸುಮಾರು ಐದು ಜನ. 2019ರ ಲೆಕ್ಕ ಇದು. ಮೆದುಳು ನೋಡುವವರು ಮೂಳೆ ನೋಡುವುದಿಲ್ಲ, ಮೂಳೆ ನೋಡುವವರ ಹತ್ತಿರ ಮುರಿಯುವವರೆಗೆ ಯಾರೂ ಹೋಗುವುದಿಲ್ಲ. ಕೇಳುವ ಕೆಲಸ ಮನೆಯವರದ್ದೇ ಆಗಿದೆ.

ಪರೀಕ್ಷೆಯ ಹೆಸರು ಡೆಕ್ಸಾ ಸ್ಕ್ಯಾನ್. ನೋವಿಲ್ಲ, ಎಕ್ಸ್‌ರೇ ಪ್ರಮಾಣ ತುಂಬಾ ಕಡಿಮೆ. ಫಲಿತಾಂಶ ಟಿ ಸ್ಕೋರ್ ಅಂತ ಬರುತ್ತದೆ, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕಿ. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ತೆಳುವಾಗುತ್ತಿದೆ. ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸುಲಭವಾಗಿ ಮುರಿಯುವಷ್ಟು ತೆಳುವಾಗಿದೆ.

ಒಂದು ವಿಷಯ ಮರೆಯಬೇಡಿ. ಸೊಂಟದ ಸ್ಕ್ಯಾನ್ ಅನ್ನು ಸಾಮಾನ್ಯವಾಗಿ ಒಂದೇ ಬದಿಗೆ ಮಾಡುತ್ತಾರೆ. ಚೆನ್ನಾಗಿರುವ ಬದಿ ನೋಡಿ 'ನಾರ್ಮಲ್' ಅಂತ ಬರೆದುಕೊಟ್ಟರೆ ಸೋತ ಬದಿಯ ಸತ್ಯ ಗೊತ್ತಾಗುವುದೇ ಇಲ್ಲ. ಸೋತ ಬದಿಯದ್ದು ಬೇಕೇ ಬೇಕು, ಸಾಧ್ಯವಾದರೆ ಎರಡೂ ಬದಿ ಮಾಡಿ ಅಂತ ಹೇಳಿ.

ಫ್ರಾಕ್ಸ್ ಲೆಕ್ಕ ಹಾಕಿದ್ವಿ, ಅಪಾಯ ಕಡಿಮೆ ಅಂತ ಬಂತು. ನಂಬಬಹುದಾ?

ಪೂರ್ತಿ ನಂಬಬೇಡಿ. ಫ್ರಾಕ್ಸ್ 2008ರಲ್ಲಿ ಶೆಫೀಲ್ಡ್‌ನಲ್ಲಿ ತಯಾರಾದ ಒಳ್ಳೆಯ ಸಾಧನ, ಮುಂದಿನ ಹತ್ತು ವರ್ಷದಲ್ಲಿ ಮೂಳೆ ಮುರಿಯುವ ಅಪಾಯ ಎಷ್ಟು ಅಂತ ಹೇಳುತ್ತದೆ. ಆದರೆ ಆ ಪ್ರಶ್ನೆಗಳಲ್ಲಿ ಸ್ಟ್ರೋಕ್ ಆಗಿದೆಯಾ ಅಂತ ಇಲ್ಲ, ಎಷ್ಟು ಸಲ ಬಿದ್ದಿದ್ದೀರಿ ಅಂತಲೂ ಇಲ್ಲ. ಹಾಗಾಗಿ ನಿಮ್ಮವರ ಅಪಾಯವನ್ನು ಕಡಿಮೆ ತೋರಿಸಬಹುದು. ಸ್ಟ್ರೋಕ್ ಆದವರಿಗಾಗಿಯೇ ಕೆನಡಾದವರು 2019ರಲ್ಲಿ ಫ್ರಾಕ್ ಸ್ಟ್ರೋಕ್ ಅನ್ನುವ ಸ್ಕೋರ್ ಮಾಡಿದ್ದಾರೆ. ಡಿಸ್ಚಾರ್ಜ್ ವೇಳೆ ಎಷ್ಟು ಅಂಗವೈಕಲ್ಯ ಉಳಿದಿದೆ, ವಯಸ್ಸು, ಹೆಣ್ಣೋ ಗಂಡೋ, ರುಮಟಾಯ್ಡ್ ಸಂಧಿವಾತ, ಆಸ್ಟಿಯೊಪೊರೋಸಿಸ್, ಹಿಂದೆ ಬಿದ್ದದ್ದು, ಹಿಂದಿನ ಮುರಿತ ಇವನ್ನೆಲ್ಲ ಸೇರಿಸಿ ಲೆಕ್ಕ ಹಾಕುತ್ತದೆ. ಇದಕ್ಕೆ ಸ್ಕ್ಯಾನ್ ಕೂಡ ಬೇಕಾಗಿಲ್ಲ.

ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ಕೊಟ್ರೆ ಸಾಕಲ್ವಾ?

ಬೇಕು, ಆದರೆ ಅಷ್ಟೇ ಸಾಲದು. ಮೂಳೆ ಕಟ್ಟಲು ಸಾಮಾನು ಇದ್ದರೂ ಕಟ್ಟು ಅನ್ನುವ ಆಜ್ಞೆ ಕಾಲಿನ ಮೇಲೆ ಬೀಳುವ ಭಾರದಿಂದಲೇ ಬರಬೇಕು.

ಐವತ್ತು ದಾಟಿದವರಿಗೆ ದಿನಕ್ಕೆ 1,000ದಿಂದ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಊಟದ್ದೂ ಸೇರಿ. ವಿಟಮಿನ್ ಡಿ ದಿನಕ್ಕೆ 600ರಿಂದ 800 ಯೂನಿಟ್. ಮನೆಯೊಳಗೇ ಇರುವವರಿಗೆ ಬಿಸಿಲು ಸಿಗುವುದಿಲ್ಲ, ಕೊರತೆ ಸಾಮಾನ್ಯ. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. 'ಜಾಸ್ತಿ ಕೊಟ್ಟರೆ ಜಾಸ್ತಿ ಲಾಭ' ಅನ್ನುವುದು ತಪ್ಪು. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಡಿ ಕೊಟ್ಟು ನೋಡಿದರು. 2010ರಲ್ಲಿ ಬಂದ ಫಲಿತಾಂಶ: ಬೀಳುವುದೂ ಮುರಿತವೂ ಹೆಚ್ಚಾಗಿತ್ತು.

ಪ್ರೋಟೀನ್ ಬಗ್ಗೆ ಕೇಳುವವರೇ ಇಲ್ಲ. ನುಂಗಲು ಕಷ್ಟ ಅಂತ ದಿನವಿಡೀ ತೆಳ್ಳನೆ ಗಂಜಿ ತರದ್ದೇ ಕೊಟ್ಟರೆ ಸ್ನಾಯು ಉಳಿಯುವುದಿಲ್ಲ. ನುಂಗುವುದನ್ನು ಪರೀಕ್ಷಿಸುವ ಥೆರಪಿಸ್ಟ್ ಮತ್ತು ಡಯಟಿಶಿಯನ್ ಇಬ್ಬರನ್ನೂ ಕೇಳಿ.

## ಔಷಧಿಗಳು

ಈಗ ತಗೊಳ್ತಿರೋ ಮಾತ್ರೆಗಳಲ್ಲಿ ಮೂಳೆಗೆ ಕೆಟ್ಟದ್ದು ಯಾವುದಾದ್ರೂ ಇದೆಯಾ?

ಇರಬಹುದು. ಚೀಟಿ ಹಿಡಿದು ಡಾಕ್ಟರ ಹತ್ತಿರ ಕೂತು ಒಂದೊಂದನ್ನೇ ಕೇಳಿ.

ಫ್ಲೂಆಕ್ಸೆಟಿನ್. ಖಿನ್ನತೆಯ ಮಾತ್ರೆ. ಕೈಕಾಲು ಬೇಗ ಚೇತರಿಸುತ್ತದೆ ಅನ್ನುವ ಆಸೆಯಿಂದ ಸ್ಟ್ರೋಕ್ ಆದವರಿಗೆ ಕೊಡುವ ರೂಢಿ ಇತ್ತು. ಬ್ರಿಟನ್‌ನ ಫೋಕಸ್ ಅಧ್ಯಯನದಲ್ಲಿ 3,127 ಜನರಿದ್ದರು, ಫಲಿತಾಂಶ ಬಂದದ್ದು 2018ರಲ್ಲಿ. ಆರು ತಿಂಗಳು ಕೊಟ್ಟರೂ ಚೇತರಿಕೆ ಹೆಚ್ಚಲಿಲ್ಲ. ಮೂಳೆ ಮುರಿತ ಮಾತ್ರ ಶೇಕಡಾ 1.47ರಿಂದ 2.88ಕ್ಕೆ ಏರಿತು. 2020ರಲ್ಲಿ ಬಂದ ಇನ್ನೆರಡು ದೊಡ್ಡ ಅಧ್ಯಯನಗಳಲ್ಲೂ ಮುರಿತ ಜಾಸ್ತಿಯೇ ಇತ್ತು. ಹಾಗಂತ ಖಿನ್ನತೆಗೆ ಚಿಕಿತ್ಸೆ ಬೇಡ ಅಂತ ಅಲ್ಲ. ಫೋಕಸ್‌ನಲ್ಲೇ ಹೊಸದಾಗಿ ಖಿನ್ನತೆ ಬಂದವರು ಮಾತ್ರೆ ತೆಗೆದುಕೊಂಡವರಲ್ಲಿ ಕಡಿಮೆ. ಯಾಕೆ ಕೊಟ್ಟಿದ್ದಾರೆ ಅಂತ ಕೇಳಿ. ಮನಸ್ಸಿಗಾಗಿ ಕೊಟ್ಟಿದ್ದರೆ ಮುಂದುವರಿಸಿ, ಮೂಳೆ ಕಾಪಾಡಿ. ಕೈಕಾಲಿಗೆ ಅಂತ ಕೊಟ್ಟಿದ್ದರೆ ಮತ್ತೆ ಚರ್ಚೆ ಆಗಲಿ. ತಟ್ಟನೆ ನಿಲ್ಲಿಸಬೇಡಿ.

ಪಯೋಗ್ಲಿಟಜೋನ್. ಶುಗರ್ ಮಾತ್ರೆ. 2016ರ ಐರಿಸ್ ಅಧ್ಯಯನದಲ್ಲಿ ಇದು ಮತ್ತೆ ಸ್ಟ್ರೋಕ್ ಅಥವಾ ಹಾರ್ಟ್ ಅಟ್ಯಾಕ್ ಆಗುವುದನ್ನು ಶೇಕಡಾ 11.8ರಿಂದ 9ಕ್ಕೆ ಇಳಿಸಿತು. ಆದರೆ ಆಸ್ಪತ್ರೆಗೆ ಸೇರಿಸುವಂಥ ಅಥವಾ ಆಪರೇಷನ್ ಬೇಕಾಗುವಂಥ ಮುರಿತ ಶೇಕಡಾ 3.2ರಿಂದ 5.1ಕ್ಕೆ ಏರಿತು. ತೂಗಿ ನೋಡಿ ನಿರ್ಧರಿಸಬೇಕಾದದ್ದು.

ಫಿಟ್ಸ್ ಮಾತ್ರೆಗಳಲ್ಲಿ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ವಿಟಮಿನ್ ಡಿಯನ್ನು ಬೇಗ ಖಾಲಿ ಮಾಡುತ್ತವೆ. ಫಿಟ್ಸ್ ಬಂದರೂ ಬೀಳುತ್ತಾರೆ, ಹಾಗಾಗಿ ನಿಲ್ಲಿಸುವ ಮಾತೇ ಇಲ್ಲ. ಬದಲಿ ಇದೆಯಾ, ಡಿ ಎಷ್ಟು ಕೊಡಬೇಕು ಅಂತ ಕೇಳಿ. ನಿದ್ದೆ ಮಾತ್ರೆ ಆದಷ್ಟು ಬೇಡ. ಬಿಪಿ ಮಾತ್ರೆ ಬೇಕೇ ಬೇಕು, ಆದರೆ ಮಲಗಿದಾಗ ಒಮ್ಮೆ, ನಿಂತ ಮೇಲೆ ಒಮ್ಮೆ ಬಿಪಿ ನೋಡಿಸಿ. ನಿಂತಾಗ ಮೇಲಿನ ಅಂಕಿ 20ಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ತಿಳಿಸಿ.

ಮೂಳೆ ಗಟ್ಟಿ ಮಾಡೋ ಔಷಧಿಗಳಲ್ಲಿ ನಮಗೆ ಯಾವುದು ಸರಿ?

ಅಲೆಂಡ್ರೊನೇಟ್ ವಾರಕ್ಕೊಂದು ಮಾತ್ರೆ, ಹಳೆಯದು, ಪರಿಚಿತ. ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂರಬೇಕು. ನುಂಗುವ ತೊಂದರೆ ಇದ್ದವರಿಗೆ ಇದು ಬೇಡ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ. ಹೆಚ್ಚು ಹೊತ್ತು ಕೂರಲಾಗದವರಿಗೂ ಇದು ಸರಿಹೋಗುವುದಿಲ್ಲ.

ಅಂಥವರಿಗೆ ವರ್ಷಕ್ಕೊಮ್ಮೆ ಡ್ರಿಪ್ ಮೂಲಕ ಕೊಡುವ ಜೋಲೆಡ್ರೋನಿಕ್ ಆಸಿಡ್ ಅನುಕೂಲ. ಕಿಡ್ನಿ ಸರಿಯಿರಬೇಕು, ವಿಟಮಿನ್ ಡಿ ಕೊರತೆ ಮೊದಲೇ ತುಂಬಿಸಿರಬೇಕು, ಹಲ್ಲಿನ ಕೆಲಸ ಇದ್ದರೆ ಮೊದಲೇ ಮುಗಿಸಬೇಕು. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಸ್ಟ್ರೋಕ್ ಆದ ಕೆಲವೇ ವಾರಗಳಲ್ಲಿ ಒಂದು ಸಲ ಕೊಟ್ಟು ನೋಡಿದ 27 ಜನರ ಸಣ್ಣ ಅಧ್ಯಯನ 2007ರಲ್ಲಿ ಬಂದಿತ್ತು. ಔಷಧಿ ಸಿಕ್ಕವರಲ್ಲಿ ಸೋತ ಬದಿಯ ಸೊಂಟದ ಮೂಳೆ ಉಳಿದಿತ್ತು. ಮುರಿತ ಎಷ್ಟು ಕಡಿಮೆಯಾಗುತ್ತದೆ ಅಂತ ಹೇಳಲು 27 ಜನ ಸಾಲದು, ಆದರೆ ದಾರಿ ಸರಿಯಿದೆ ಅನ್ನಿಸುತ್ತದೆ.

ಡೆನೊಸುಮ್ಯಾಬ್ ಆರು ತಿಂಗಳಿಗೊಮ್ಮೆ ಚುಚ್ಚುಮದ್ದು. ಒಳ್ಳೆಯದೇ, ಆದರೆ ತಪ್ಪಿಸುವ ಹಾಗಿಲ್ಲ. ನಡುವೆ ಬಿಟ್ಟರೆ ಮೂಳೆ ಬೇಗ ಕರಗಿ ಬೆನ್ನುಮೂಳೆ ಮುರಿಯಬಹುದು. ಆರು ತಿಂಗಳಿಗೊಮ್ಮೆ ತಪ್ಪದೆ ಹೋಗಲು ಆಗುತ್ತದಾ ಅಂತ ಮೊದಲೇ ಯೋಚಿಸಿ.

ಸ್ಟ್ರೋಕ್ ಆದವರು ತಗೊಳ್ಳಬಾರದ ಮೂಳೆ ಔಷಧಿ ಇದೆಯಾ?

ಇದೆ. ರೊಮೊಸೊಝುಮ್ಯಾಬ್ ಅನ್ನುವ ಚುಚ್ಚುಮದ್ದನ್ನು ಸ್ಟ್ರೋಕ್ ಅಥವಾ ಹಾರ್ಟ್ ಅಟ್ಯಾಕ್ ಆದ ಒಂದು ವರ್ಷದೊಳಗೆ ಶುರುಮಾಡಬಾರದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಒಪ್ಪಿಗೆ ಕೊಡುವಾಗಲೇ ಎಚ್ಚರಿಕೆ ಹಾಕಿದೆ. ರಾಲಾಕ್ಸಿಫೆನ್ ಕೂಡ ಬೇಡ. ಹೃದಯದ ತೊಂದರೆಯ ಅಪಾಯ ಇದ್ದ ಹೆಂಗಸರ ಮೇಲಿನ 2006ರ ದೊಡ್ಡ ಅಧ್ಯಯನದಲ್ಲಿ ಸ್ಟ್ರೋಕ್‌ನಿಂದ ಸಾವು ಹೆಚ್ಚಾಗಿತ್ತು. ಈಸ್ಟ್ರೋಜನ್ ಮಾತ್ರೆಗಳೂ ಸ್ಟ್ರೋಕ್ ಅಪಾಯ ಹೆಚ್ಚಿಸುತ್ತವೆ. ಮೂಳೆ ಡಾಕ್ಟರ ಹತ್ತಿರ ಹೋದಾಗ ಮೊದಲ ವಾಕ್ಯದಲ್ಲೇ ಸ್ಟ್ರೋಕ್ ಯಾವಾಗ ಆಯಿತು ಅಂತ ತಾರೀಖಿನ ಸಮೇತ ಹೇಳಿ.

ಫೋಲಿಕ್ ಆಸಿಡ್ ಮತ್ತು ಬಿ12 ಕೊಟ್ರೆ ಸ್ಟ್ರೋಕ್ ಆದವರಿಗೆ ಮುರಿತ ತಪ್ಪುತ್ತೆ ಅಂತ ಓದಿದೆ. ನಿಜಾನಾ?

ನೀವು ಓದಿದ್ದು ಜಪಾನಿನ ಯೊಶಿಹಿರೊ ಸಾಟೊ 2005ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಮಾತು. ಅದನ್ನು ಪತ್ರಿಕೆ 2016ರಲ್ಲಿ ವಾಪಸ್ ಪಡೆದಿದೆ. ಸ್ಟ್ರೋಕ್ ಮತ್ತು ಮೂಳೆಯ ಬಗ್ಗೆ ಅವರ ಹೆಸರಿನಲ್ಲಿ ಬಂದ ಬೇರೆ ಹಲವು ಪ್ರಯೋಗಗಳೂ ನಂಬಲರ್ಹವಲ್ಲ ಅಂತ ಸಾಬೀತಾಗಿ ರದ್ದಾದವು. ಅದನ್ನು ಬಯಲಿಗೆಳೆಯಲು ಬ್ರಿಟನ್ ಮತ್ತು ನ್ಯೂಜಿಲೆಂಡ್‌ನ ಸಂಶೋಧಕರು ವರ್ಷಗಟ್ಟಲೆ ಕೆಲಸ ಮಾಡಿದರು. ನನಗೆ ಇದರ ಬಗ್ಗೆ ಈಗಲೂ ಸಿಟ್ಟಿದೆ. ಹಾಸಿಗೆಯಲ್ಲಿರುವವರ ಆಸೆಯ ಮೇಲೆ ಸುಳ್ಳು ಲೆಕ್ಕ ಬರೆದದ್ದು ಅದು. ಹಳೆಯ ಲೇಖನಗಳಲ್ಲಿ ಆ ಅಂಕಿಗಳು ಇನ್ನೂ ಉಳಿದಿವೆ. ಬಿ12 ಕೊರತೆ ಇದ್ದರೆ ಕೊರತೆಗಾಗಿ ತೆಗೆದುಕೊಳ್ಳಿ. ಮೂಳೆ ಉಳಿಯುತ್ತದೆ ಅಂತ ಬೇಡ.

ಸ್ಟ್ರೋಕ್ ಆಗಿ ಎರಡು ವರ್ಷ ಕಳೀತು. ಈಗ ಶುರು ಮಾಡಿದ್ರೆ ಪ್ರಯೋಜನ ಇದೆಯಾ?

ಇದೆ. ಕೆನಡಾದ ವ್ಯಾಂಕೂವರ್‌ನಲ್ಲಿ ಸ್ಟ್ರೋಕ್ ಆಗಿ ವರ್ಷ ದಾಟಿದ 63 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು 19 ವಾರ, ವಾರಕ್ಕೆ ಮೂರು ದಿನ, ಒಂದೊಂದು ಗಂಟೆ ನಡಿಗೆ, ಸಮತೋಲನ, ಕಾಲಿನ ಬಲದ ವ್ಯಾಯಾಮ ಮಾಡಿತು. ಅವರ ಸೋತ ಬದಿಯ ಸೊಂಟದ ಮೂಳೆ ಹಾಗೇ ಉಳಿಯಿತು. ಇನ್ನೊಂದು ಗುಂಪಿನದು ಆ ನಾಲ್ಕೂವರೆ ತಿಂಗಳಲ್ಲೇ ಇನ್ನಷ್ಟು ಕಡಿಮೆಯಾಯಿತು. 2005ರಲ್ಲಿ ಪ್ರಕಟವಾದ ಅಧ್ಯಯನ ಇದು. ಅಂದರೆ ಎಷ್ಟೋ ಕಾಲದ ಮೇಲೂ ಕಾಲಿಗೆ ಬಿದ್ದ ಭಾರವನ್ನು ಮೂಳೆ ಗಮನಿಸುತ್ತದೆ.

ಮೊದಲು ಸೋತ ಬದಿಯ ಡೆಕ್ಸಾ ಮಾಡಿಸಿ, ವಿಟಮಿನ್ ಡಿ ನೋಡಿಸಿ. ಎರಡು ವರ್ಷ ಕೂತೇ ಇದ್ದವರನ್ನು ಒಂದೇ ದಿನ ನಡೆಸಲು ಹೋಗಬೇಡಿ. ಮೂಳೆ ಎಷ್ಟು ತಡೆಯುತ್ತದೆ ಅಂತ ಗೊತ್ತಾದ ಮೇಲೆ ಮೇಜಿನ ಪಕ್ಕ ನಿಲ್ಲುವುದರಿಂದ ಶುರುಮಾಡಿ. ಮೊದಲ ವಾರ ಒಂದು ಸಲಕ್ಕೆ ಎರಡೇ ನಿಮಿಷ ಸಾಕು, ಹಿಮ್ಮಡಿ ನೆಲಕ್ಕೆ ಮುಟ್ಟಿರಲಿ.